ಕಮ್ಮಾರನ ಮಗ ಫ್ಯಾರಡೆ, ನಮ್ಮ ಉಕ್ಕು ಮತ್ತು ಆಕಾರ ನೆನಪಿಟ್ಟುಕೊಳ್ಳುವ ಕಬ್ಬಿಣ

ವಾಟ್ಸಾಪ್‌ನಲ್ಲಿ ಒಂದು ಬಗೆಯ ವಿಡಿಯೋ ಆಗಾಗ ಸುತ್ತುತ್ತಿರುತ್ತದೆ. ಒಬ್ಬರು ಉದ್ದನೆಯ ಕತ್ತಿಯನ್ನು ಬಳೆಯ ಹಾಗೆ ಬಗ್ಗಿಸುತ್ತಾರೆ. ಕೈ ಬಿಟ್ಟ ಕೂಡಲೇ ಅದು ಮತ್ತೆ ನೆಟ್ಟಗಾಗುತ್ತದೆ. ಇದು ಮೈಸೂರು ಸೀಮೆಯ ಹಳೆಯ ಉಕ್ಕು, ಇದಕ್ಕೆ ತನ್ನ ಆಕಾರದ ನೆನಪಿದೆ, ಇದರ ಗುಟ್ಟನ್ನು ಬ್ರಿಟಿಷರು ಕದ್ದರು, ಈಗ ಅದನ್ನೇ ಹೊಸ ಸಂಶೋಧನೆ ಎಂದು ನಮಗೇ ಮಾರುತ್ತಿದ್ದಾರೆ ಎಂಬ ಒಕ್ಕಣೆ ಕೆಳಗಿರುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಗುಂಪುಗಳಿಗೂ ಇದು ಬರದೇ ಇರುವುದಿಲ್ಲ.

ಇದರಲ್ಲಿ ಸ್ವಲ್ಪ ನಿಜ ಇದೆ, ಸ್ವಲ್ಪ ಸುಳ್ಳು ಇದೆ. ಇನ್ನು ಸ್ವಲ್ಪ, ನಿಜವಾದದ್ದೇ ತಪ್ಪು ಜಾಗಕ್ಕೆ ಅಂಟಿಕೊಂಡಿದೆ.

ಮೊದಲು ಕತ್ತಿಯ ವಿಷಯ ಮುಗಿಸಿಬಿಡೋಣ. ಬಗ್ಗಿಸಿ ಬಿಟ್ಟ ತಕ್ಷಣ ನೆಟ್ಟಗಾಗುವುದು ನೆನಪಲ್ಲ, ಸ್ಪ್ರಿಂಗ್ ಗುಣ. ಲಾರಿಯ ಕೆಳಗಿನ ಕಮಾನು ಪಟ್ಟಿ ದಿನಕ್ಕೆ ಸಾವಿರ ಸಲ ಮಾಡುವ ಕೆಲಸವೂ ಅದೇ. ನೆನಪಿರುವ ಲೋಹದ ಕಥೆ ಬೇರೆ. ಅದನ್ನು ಬಗ್ಗಿಸಿ ಕೈ ಬಿಟ್ಟರೆ ಬಗ್ಗಿದಂತೆಯೇ ಉಳಿಯುತ್ತದೆ, ಸಾಮಾನ್ಯ ಕಂಬಿಯ ಹಾಗೆ. ಆಮೇಲೆ ಬಿಸಿ ಮಾಡಿದರೆ, ಯಾರೂ ಮುಟ್ಟದೆ, ಹಳೆಯ ಆಕಾರಕ್ಕೆ ಮರಳುತ್ತದೆ. ನಿಕಲ್ ಮತ್ತು ಟೈಟಾನಿಯಂ ಸೇರಿಸಿ ಮಾಡುವ ನಿಟಿನಾಲ್ ಈ ಗುಂಪಿನಲ್ಲಿ ಹೆಸರುವಾಸಿ. ಹಲ್ಲಿನ ಸಾಲು ಸರಿಪಡಿಸಲು ಡಾಕ್ಟರು ಕಟ್ಟುವ ತಂತಿಯಲ್ಲಿ ಅದು ಇರುತ್ತದೆ. ಆದರೆ ಅದು ದುಬಾರಿ. ಕಬ್ಬಿಣಕ್ಕೇ ಇಂಥ ನೆನಪು ಬರಿಸಬಹುದೇ ಎಂದು ಹುಡುಕಿದವರಿಗೆ ಬರಿಸಬಹುದು ಎಂದು ಗೊತ್ತಾಗಿದೆ. ಗುಟ್ಟೆಲ್ಲ ಕಬ್ಬಿಣಕ್ಕೆ ಏನನ್ನು, ಎಷ್ಟು ಬೆರೆಸಬೇಕು ಎಂಬುದರಲ್ಲಿದೆ.

ಕಬ್ಬಿಣಕ್ಕೆ ಒಂದೊಂದೇ ಪದಾರ್ಥ ಬೆರೆಸಿ ಏನಾಗುತ್ತದೆ ಎಂದು ಕ್ರಮವಾಗಿ ಬರೆದಿಟ್ಟ ಮೊದಲಿಗರಲ್ಲಿ ಒಬ್ಬರು ಮೈಕೆಲ್ ಫ್ಯಾರಡೆ. ಹೌದು, ಹೈಸ್ಕೂಲ್ ಪುಸ್ತಕದ ಅದೇ ಫ್ಯಾರಡೆ. ಸುರುಳಿಯೊಳಗೆ ಅಯಸ್ಕಾಂತ ಆಡಿಸಿ ವಿದ್ಯುತ್ ತೋರಿಸಿದವರು. ಅದಕ್ಕೂ ಮುಂಚೆ ಅವರು ಸುಮಾರು ಐದು ವರ್ಷ ಬೆಂಕಿಯ ಮುಂದೆ ಕೂತು ಉಕ್ಕು ಕರಗಿಸುತ್ತಿದ್ದರು. ಅವರನ್ನು ಆ ಕೆಲಸಕ್ಕೆ ಎಳೆದದ್ದು ಭಾರತದಿಂದ ಹೋದ ಉಕ್ಕಿನ ಗಟ್ಟಿಗಳು.

ಕುಲುಮೆಯ ಮನೆಯ ಹುಡುಗ

ಮೈಕೆಲ್ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ ಅಂಚಿನ ನ್ಯೂಯಿಂಗ್ಟನ್‌ನಲ್ಲಿ. ಅಪ್ಪ ಜೇಮ್ಸ್ ಕಮ್ಮಾರ, ಉತ್ತರ ಇಂಗ್ಲೆಂಡಿನ ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಬಂದವನು. ಆರೋಗ್ಯ ಸರಿಯಿಲ್ಲದೆ ಅವನಿಗೆ ದಿನವಿಡೀ ಸುತ್ತಿಗೆ ಹಿಡಿಯಲು ಆಗುತ್ತಿರಲಿಲ್ಲ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಹುಡುಗನ ಪಾಲಿಗೆ ವಾರಕ್ಕೆ ಒಂದೇ ಒಂದು ಬ್ರೆಡ್ಡು. ಶಾಲೆ ಅಂದರೆ ಓದು, ಬರಹ, ಲೆಕ್ಕ, ಅಷ್ಟೇ.

13ನೇ ವಯಸ್ಸಿಗೆ ರೀಬೋ ಎಂಬುವರ ಪುಸ್ತಕದ ಅಂಗಡಿಯಲ್ಲಿ ಪತ್ರಿಕೆ ಹಂಚುವ ಕೆಲಸ. ಮರುವರ್ಷ ಅಲ್ಲೇ ಪುಸ್ತಕಕ್ಕೆ ರಟ್ಟು ಕಟ್ಟುವುದನ್ನು ಕಲಿಯಲು ಏಳು ವರ್ಷದ ಕರಾರು. ಹುಡುಗ ಕಟ್ಟಿದ ಪುಸ್ತಕಗಳನ್ನೇ ಓದಿದ. ವಿಶ್ವಕೋಶದಲ್ಲಿ ವಿದ್ಯುತ್ತಿನ ಲೇಖನ ಸಿಕ್ಕಿತು, ಜೇನ್ ಮಾರ್ಸೆಟ್ ಎಂಬ ಹೆಣ್ಣುಮಗಳು ಬರೆದ ರಸಾಯನಶಾಸ್ತ್ರದ ಪುಸ್ತಕ ಸಿಕ್ಕಿತು. ಓದಿದ್ದನ್ನು ಕೈಯಾರೆ ಮಾಡಿ ನೋಡದೆ ನಂಬುವುದಿಲ್ಲ ಎಂಬ ಹಟ ಅಲ್ಲಿಂದಲೇ ಶುರು.

1812ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸಗಳಿಗೆ ಟಿಕೆಟ್ ಕೊಡಿಸಿದರು. ಫ್ಯಾರಡೆ ಕೇಳಿದ್ದನ್ನೆಲ್ಲ ಬರೆದುಕೊಂಡು, ಚಿತ್ರ ಬಿಡಿಸಿ, ಚೆಂದವಾಗಿ ರಟ್ಟು ಕಟ್ಟಿ ಡೇವಿಯವರಿಗೇ ಕಳಿಸಿದರು. ಕೆಲಸ ಆಗಲೇ ಸಿಗಲಿಲ್ಲ. ಆದರೆ ಅಲ್ಲಿನ ಸಹಾಯಕನೊಬ್ಬ ಜಗಳ ಮಾಡಿ ಕೆಲಸ ಕಳೆದುಕೊಂಡ, 1813ರ ಮಾರ್ಚ್‌ನಲ್ಲಿ ಆ ಜಾಗಕ್ಕೆ ಫ್ಯಾರಡೆ ಬಂದರು. ಅದೇ ವರ್ಷ ಡೇವಿ ದಂಪತಿಯ ಜೊತೆ ಯುರೋಪ್ ಪ್ರವಾಸಕ್ಕೂ ಹೋದರು. ದೊಡ್ಡ ದೊಡ್ಡ ವಿಜ್ಞಾನಿಗಳ ಪರಿಚಯವಾಯಿತು. ಜೊತೆಗೆ ಡೇವಿಯವರ ಹೆಂಡತಿ ಅವರನ್ನು ಆಳಿನಂತೆ ಕಂಡದ್ದೂ ಆಯಿತು. ಕಮ್ಮಾರನ ಮಗ ಎಂಬುದನ್ನು ಆ ಕಾಲದ ಇಂಗ್ಲೆಂಡ್ ಸುಲಭವಾಗಿ ಮರೆಯುತ್ತಿರಲಿಲ್ಲ.

ಲಂಡನ್ನಿಗೆ ಹೋದ ಗಟ್ಟಿಗಳು

ಈಗ ನಮ್ಮ ಕಡೆಯ ಕಥೆ. ದಕ್ಷಿಣ ಭಾರತದಲ್ಲಿ, ಮೈಸೂರು ಸೀಮೆಯೂ ಸೇರಿದಂತೆ, ಬಹಳ ಹಿಂದಿನಿಂದ ಮೂಸೆಯ ಉಕ್ಕು ತಯಾರಾಗುತ್ತಿತ್ತು. ಮೆತುಗಬ್ಬಿಣದ ತುಂಡನ್ನು ಮಣ್ಣಿನ ಮೂಸೆಗೆ ಹಾಕಿ, ಜೊತೆಗೆ ಒಣ ಕಡ್ಡಿ, ಹಸಿ ಎಲೆ ತುಂಬಿ, ಬಾಯಿ ಮುಚ್ಚಿ, ತಿದಿಯೊತ್ತಿ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಆ ಕಡ್ಡಿ ಹೆಚ್ಚಾಗಿ ತಂಗಡಿ ಗಿಡದ್ದು. ಕೆಲವರು ಆವರಿಕೆ ಅನ್ನುತ್ತಾರೆ. ಬಂಜರು ನೆಲದಲ್ಲಿ ಹಳದಿ ಹೂ ಬಿಡುವ ಅದೇ ಗಿಡ. ಕಡ್ಡಿ, ಎಲೆ ಸುಟ್ಟು ಇದ್ದಿಲಾಗಿ, ಅದರ ಇಂಗಾಲ ಕಬ್ಬಿಣದೊಳಗೆ ಇಳಿಯುತ್ತಿತ್ತು. ನಿಧಾನವಾಗಿ ಆರಿಸಿ ಮೂಸೆ ಒಡೆದರೆ ಒಳಗೆ ಅಂಗೈಯಲ್ಲಿ ಹಿಡಿಯುವಷ್ಟು ಉಕ್ಕಿನ ಗಟ್ಟಿ. ಇಂಗ್ಲಿಷರು ಇದನ್ನು ವೂಟ್ಜ್ ಎಂದು ಕರೆದರು. ಉಕ್ಕು ಎಂಬ ಮಾತೇ ಹಾಗೆ ಕೆಟ್ಟಿತು ಎನ್ನುವುದು ಹಲವು ವಿದ್ವಾಂಸರ ಅಭಿಪ್ರಾಯ.

ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯಂತೆ ನಮ್ಮ ಸೀಮೆ ಸುತ್ತಲು ಹೊರಟರು. ಸತ್ತೇಗಾಲ, ಹನೂರು, ಕೌದಳ್ಳಿ ದಾರಿಯಲ್ಲೇ ಕಾವೇರಿಪುರದ ಕಡೆಗೆ ಇಳಿದರು. ಊರೂರಿನ ಬೆಳೆ, ಕಂದಾಯ, ಕಸುಬು ಬರೆದುಕೊಂಡರು. ಮಾಗಡಿ ಕಡೆ ಕಬ್ಬಿಣ, ಉಕ್ಕು ಮಾಡುವುದನ್ನು ಅವರು ವಿವರವಾಗಿ ಬರೆದಿದ್ದಾರೆ. ಚನ್ನಪಟ್ಟಣದ ಉಕ್ಕಿನ ತಂತಿ ಸಂಗೀತದ ವಾದ್ಯಗಳಿಗೆ ದೂರದೂರಕ್ಕೆ ಹೋಗುತ್ತಿದ್ದುದೂ ಅದರಲ್ಲಿದೆ. 1807ರಲ್ಲಿ ಈ ವಿವರಗಳೆಲ್ಲ ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚಾದವು.

ಹಾಗಾಗಿ ಗುಟ್ಟು ಕದ್ದರು ಎನ್ನುವುದು ಪೂರ್ತಿ ಸರಿಯಲ್ಲ. ಮಾಡುವ ವಿಧಾನ ಅಚ್ಚಾಗಿ ಎಲ್ಲರ ಕೈಯಲ್ಲೇ ಇತ್ತು. ಅವರಿಗೆ ಗೊತ್ತಿರದಿದ್ದದ್ದು ಬೇರೆ: ಅದು ಯಾಕೆ ಅಷ್ಟು ಚೆನ್ನಾಗಿದೆ? ನಮ್ಮ ಕಮ್ಮಾರರಿಗೂ ಅದರ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು. ಕಳವಿಗಿಂತ ದೊಡ್ಡ ನಷ್ಟ ಆಮೇಲೆ ಆಯಿತು. ಅಗ್ಗದ ವಿಲಾಯಿತಿ ಕಬ್ಬಿಣ ಬಂದು ಸೇರಿತು, ಇದ್ದಿಲಿಗೆ ಕಾಡು ಸಿಗದಾಯಿತು, ಉಕ್ಕು ಕರಗಿಸುವ ಮನೆತನಗಳ ಕಸುಬು ನಿಂತಿತು. ಆ ಕೈಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಫಾರ್ವರ್ಡ್ ಮಾಡುವವರು ಸಿಟ್ಟಾಗುವುದಾದರೆ ಸಿಟ್ಟಾಗಬೇಕಾದದ್ದು ಇದಕ್ಕೆ.

1790ರ ದಶಕದಲ್ಲೇ ಬೊಂಬಾಯಿಯಿಂದ ಇಂಥ ಗಟ್ಟಿಗಳು ಲಂಡನ್ನಿನ ರಾಯಲ್ ಸೊಸೈಟಿಗೆ ಹೋಗಿದ್ದವು. ಅಲ್ಲಿ ಜೇಮ್ಸ್ ಸ್ಟೊಡಾರ್ಟ್ ಎಂಬುವರು ಚಾಕು, ಶಸ್ತ್ರಚಿಕಿತ್ಸೆಯ ಸಲಕರಣೆ ಮಾಡುತ್ತಿದ್ದರು. ಈ ಉಕ್ಕನ್ನು ತಟ್ಟಿ ನೋಡಿದ ಅವರಿಗೆ ಇಂಗ್ಲೆಂಡಿನ ಯಾವ ಉಕ್ಕೂ ಅದರ ಮುಂದೆ ಹಿಡಿಸಲಿಲ್ಲ. ಅದು ಯಾಕೆ ಹೀಗೆ ಎಂದು ತಿಳಿಯಲು ಅವರು ಹೋದದ್ದು ರಾಯಲ್ ಇನ್‌ಸ್ಟಿಟ್ಯೂಷನ್‌ನ ತರುಣ ರಸಾಯನಶಾಸ್ತ್ರಜ್ಞನ ಬಳಿಗೆ.

ಏನು ಬೆರೆತಿದೆ?

1819ರಲ್ಲಿ ಫ್ಯಾರಡೆ ಭಾರತದ ಉಕ್ಕನ್ನು ಆಮ್ಲದಲ್ಲಿ ಕರಗಿಸಿ ಪರೀಕ್ಷಿಸಿದರು. ಅದರಲ್ಲಿ ಅತಿ ಸ್ವಲ್ಪ ಅಲ್ಯೂಮಿನಾ ಮತ್ತು ಸಿಲಿಕಾ, ಅಂದರೆ ಜೇಡಿಮಣ್ಣಿನಲ್ಲೂ ಮರಳಿನಲ್ಲೂ ಇರುವ ಪದಾರ್ಥಗಳು, ಕಂಡವು. ಇಂಗ್ಲೆಂಡಿನ ಉಕ್ಕಿನಲ್ಲಿ ಅವು ಕಾಣಲಿಲ್ಲ. ಹಾಗಾದರೆ ಗುಟ್ಟು ಅಲ್ಯೂಮಿನಿಯಂನಲ್ಲಿದೆ ಎಂದು ಅವರು ಲೆಕ್ಕ ಹಾಕಿದರು. ಆ ಹೊತ್ತಿಗೆ ಅಲ್ಯೂಮಿನಿಯಂ ಲೋಹವನ್ನು ಇನ್ನೂ ಯಾರೂ ಬೇರ್ಪಡಿಸಿಯೇ ಇರಲಿಲ್ಲ ಎಂಬುದು ಇಲ್ಲಿ ನೆನಪಿರಲಿ.

ಆಮೇಲೆ ಉಕ್ಕಿಗೆ ಮೊದಲು ಇಂಗಾಲ ತುಂಬಿ, ಅದನ್ನು ಅಲ್ಯೂಮಿನಾ ಜೊತೆ ಕರಗಿಸಿ, ಸಿಕ್ಕ ಪುಡಿಯನ್ನು ಒಳ್ಳೆಯ ಉಕ್ಕಿಗೆ ಬೆರೆಸಿದರು. ತಟ್ಟಿ, ಉಜ್ಜಿ, ಆಮ್ಲ ಸವರಿದಾಗ ನಮ್ಮ ಉಕ್ಕಿನಲ್ಲಿ ಕಾಣುವಂಥ ಅಲೆಅಲೆಯ ಗೆರೆಗಳು ಅದರಲ್ಲೂ ಮೂಡಿದವು. ಗುಟ್ಟು ಸಿಕ್ಕಿತೆಂದು ಯಾರಿಗಾದರೂ ಅನ್ನಿಸುವಂತೆಯೇ ಇತ್ತು.

ಆದರೆ ಸಿಕ್ಕಿರಲಿಲ್ಲ. ಗೆರೆ ಬಂದದ್ದಕ್ಕೆ ಕಾರಣ ಅಲ್ಯೂಮಿನಿಯಂ ಅಲ್ಲ, ಅದಕ್ಕೂ ಮೊದಲು ಅವರೇ ತುಂಬಿದ್ದ ಇಂಗಾಲ. ನಂತರದ ರಸಾಯನಶಾಸ್ತ್ರಜ್ಞರಿಗೆ ಭಾರತದ ಉಕ್ಕಿನಲ್ಲಿ ಆ ಅಲ್ಯೂಮಿನಿಯಂ ಸಿಗಲಿಲ್ಲ. ಪ್ಯಾರಿಸ್ಸಿನ ಬ್ರೆಯಾಂ ಎಂಬುವರು ಫ್ಯಾರಡೆಯ ಕೆಲಸ ಓದಿಯೇ ನೂರಾರು ಪ್ರಯೋಗ ಮಾಡಿ, ಹೆಚ್ಚು ಇಂಗಾಲ ಮತ್ತು ನಿಧಾನವಾಗಿ ಆರಿಸುವುದೇ ಮುಖ್ಯ ಎಂದು ಕಂಡುಕೊಂಡರು. ಇಂದು ನಮಗೆ ಗೊತ್ತಿರುವಂತೆ ಈ ಉಕ್ಕಿನಲ್ಲಿ ಇಂಗಾಲ ಸುಮಾರು 1.5%. ಮಾಮೂಲಿ ಕಟ್ಟಡದ ಕಂಬಿಯಲ್ಲಿ ಇರುವುದು ಅದರ ಐದಾರನೇ ಒಂದು ಪಾಲು.

ವಿಚಿತ್ರ ಎಂದರೆ, ಅತಿ ಸ್ವಲ್ಪ ಪ್ರಮಾಣದ ಯಾವುದೋ ಬೆರಕೆ ಇದೆ ಎಂಬ ಫ್ಯಾರಡೆಯ ಊಹೆ ಪೂರ್ತಿ ವ್ಯರ್ಥವಾಗಲಿಲ್ಲ. 1990ರ ದಶಕದಲ್ಲಿ ಅಮೆರಿಕದ ಲೋಹ ವಿಜ್ಞಾನಿ ಜಾನ್ ವೆರ್ಹೋವನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಜೊತೆಗೂಡಿ ಹಳೆಯ ಕತ್ತಿಗಳನ್ನು ಪರೀಕ್ಷಿಸಿದರು, ಹೊಸದನ್ನು ತಟ್ಟಿಯೂ ನೋಡಿದರು. ಗೆರೆಗಳು ಸಾಲಾಗಿ ನಿಲ್ಲಲು 0.01%ಗಿಂತಲೂ ಕಡಿಮೆ ವನೇಡಿಯಂ ಸಾಕು ಎಂದು ತೋರಿಸಿದರು. ಅದನ್ನು ಯಾರೂ ಬೇಕೆಂದು ಹಾಕಿರಲಿಲ್ಲ, ಅದಿರಿನಲ್ಲೇ ಇತ್ತು. ಆ ಅದಿರು ಮುಗಿದರೆ ಅದೇ ಕೈ, ಅದೇ ಮೂಸೆ ಇದ್ದರೂ ಉಕ್ಕಿಗೆ ಆ ಗೆರೆ ಬರುವುದಿಲ್ಲ. ಇದೇ ಸಾಲಿನ ಇನ್ನೊಂದು ಫಾರ್ವರ್ಡ್ ಇದೆ, ಹಳೆಯ ಕತ್ತಿಯಲ್ಲಿ ನ್ಯಾನೋ ಟ್ಯೂಬ್ ಇತ್ತು ಎನ್ನುವುದು. 2006ರಲ್ಲಿ ಜರ್ಮನಿಯ ಸಂಶೋಧಕರು ಹಳೆಯ ಕತ್ತಿಯೊಂದರ ಚೂರಿನಲ್ಲಿ ಇಂಗಾಲದ ಅಂಥ ನಳಿಕೆಗಳನ್ನು ಕಂಡೆವು ಎಂದು ವರದಿ ಮಾಡಿದ್ದು ನಿಜ. ಕತ್ತಿ ಮಾಡಿದವರಿಗೆ ನ್ಯಾನೋ ತಂತ್ರಜ್ಞಾನ ಗೊತ್ತಿತ್ತು ಎಂದು ಅದರಿಂದ ಹೇಳಲಾಗದು.

ರೇಜರ್, ಕನ್ನಡಿ, ಉಲ್ಕೆ

ಉತ್ತರ ತಪ್ಪಿದ್ದರೂ ಪ್ರಶ್ನೆ ಒಳ್ಳೆಯದಿತ್ತು. ಒಂದು ಚಿಟಿಕೆ ಬೆರಕೆಯಿಂದ ಉಕ್ಕು ಇಷ್ಟು ಬದಲಾಗುವುದಾದರೆ ಬೇರೆ ಬೇರೆ ಲೋಹ ಹಾಕಿದರೆ ಏನಾಗಬಹುದು? ಫ್ಯಾರಡೆ ಮತ್ತು ಸ್ಟೊಡಾರ್ಟ್ ಬೆಳ್ಳಿ, ಬಂಗಾರ, ಪ್ಲಾಟಿನಂ, ರೋಡಿಯಂ, ಪಲ್ಲಾಡಿಯಂ, ನಿಕಲ್, ಕ್ರೋಮಿಯಂ, ತಾಮ್ರ, ತವರ ಹೀಗೆ ಒಂದೊಂದನ್ನೇ ಹಿಡಿದರು. 1820ರಲ್ಲಿ ಒಂದು ವರದಿ, 1822ರಲ್ಲಿ ಇನ್ನೊಂದು.

ಬೆಳ್ಳಿಯದು ಮಜವಾದ ಕಥೆ. ಹೆಚ್ಚು ಹಾಕಿದರೆ ಉಕ್ಕು ಅದನ್ನು ಒಳಗೆ ಇಟ್ಟುಕೊಳ್ಳುವುದಿಲ್ಲ. ಆರುವಾಗ ಬೆವರಿನ ಹನಿಯಂತೆ ಹೊರಗೆ ತಳ್ಳುತ್ತದೆ. 500 ಭಾಗಕ್ಕೆ ಒಂದು ಭಾಗ ಹಾಕಿದರೆ ಮಾತ್ರ ಬೆರೆತು ಗಟ್ಟಿ ಉಕ್ಕಾಗುತ್ತದೆ ಎಂದು ಅವರು ಕಂಡರು. ಶೆಫೀಲ್ಡಿನ ಒಂದು ಕಾರ್ಖಾನೆ ಇದನ್ನು ಬೆಳ್ಳಿ ಉಕ್ಕು ಎಂದು ಮಾರಿತು ಕೂಡ.

ನಿಕಲ್ ಬೆರೆಸಲು ಪ್ರೇರಣೆ ಆಕಾಶದಿಂದ ಬಿದ್ದ ಕಲ್ಲುಗಳು. ಉಲ್ಕೆಯ ಕಬ್ಬಿಣದಲ್ಲಿ ನಿಕಲ್ ಇರುತ್ತದೆ, ಅದು ಬೇಗ ತುಕ್ಕು ಹಿಡಿಯುವುದಿಲ್ಲ ಎಂಬ ಮಾತಿತ್ತು. ಅವರು ಶುದ್ಧ ಕಬ್ಬಿಣಕ್ಕೆ 10% ನಿಕಲ್ ಹಾಕಿದಾಗ ತುಕ್ಕು ಕಡಿಮೆಯಾಯಿತು. ಅದನ್ನೇ ಉಕ್ಕಿಗೆ ಹಾಕಿದಾಗ ತುಕ್ಕು ಜಾಸ್ತಿಯಾಯಿತು. ಬೆರಕೆ ಒಂದೇ, ಆದರೆ ಒಳಗೆ ಇಂಗಾಲ ಇದೆಯೋ ಇಲ್ಲವೋ ಎನ್ನುವುದರ ಮೇಲೆ ಫಲ ತಿರುವುಮುರುವು. ಪ್ಲಾಟಿನಂನಂಥ ತುಕ್ಕೇ ಹಿಡಿಯದ ಲೋಹವನ್ನು 1% ಹಾಕಿದರೆ ಉಕ್ಕು ಆಮ್ಲದಲ್ಲಿ ಮೊದಲಿಗಿಂತ ಬಹಳ ವೇಗವಾಗಿ ಕರಗಿತು. ಬೆರಕೆ ಎಂದರೆ ಸಾಂಬಾರಿಗೆ ಉಪ್ಪು ಹಾಕಿದಂತೆ ಹಾಕಿದಷ್ಟೂ ಅದೇ ರುಚಿ ಏರುತ್ತದೆ ಎಂಬ ಲೆಕ್ಕವಲ್ಲ ಎಂದು ಅವರ ಟಿಪ್ಪಣಿಗಳು ತೋರಿಸುತ್ತವೆ.

ಇನ್ನೊಂದು ಪ್ರಯೋಗವನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ. ಉಕ್ಕು ಮತ್ತು ಪ್ಲಾಟಿನಂ ಎರಡನ್ನೂ ಸಮತೂಕ ತೆಗೆದುಕೊಂಡು ಕರಗಿಸಿದರು. ಸೊಗಸಾದ ಹೊಳಪಿನ ಲೋಹ ಬಂತು. ಮಂಕಾಗುವುದಿಲ್ಲ, ಕನ್ನಡಿಗೆ ಬಹಳ ಒಳ್ಳೆಯದು ಎಂದು ಬರೆದು ಪಕ್ಕಕ್ಕಿಟ್ಟರು.

ಒಳ್ಳೆಯ ಬೆರಕೆಗಳಿಂದ ರೇಜರ್ ಮಾಡಿಸಿ ಫ್ಯಾರಡೆ ಗೆಳೆಯರಿಗೆ ಕೊಡುತ್ತಿದ್ದರು. ವ್ಯಾಪಾರ ಮಾತ್ರ ಕುದುರಲಿಲ್ಲ. ರೋಡಿಯಂ, ಪ್ಲಾಟಿನಂ ಹಾಕಿದ ಚಾಕುವನ್ನು ಯಾರು ಕೊಳ್ಳುತ್ತಾರೆ? 1823ರಲ್ಲಿ ಸ್ಟೊಡಾರ್ಟ್ ತೀರಿಕೊಂಡರು. ಸ್ವಲ್ಪ ದಿನದಲ್ಲೇ ಫ್ಯಾರಡೆ ಉಕ್ಕಿನ ಕೆಲಸ ಬಿಟ್ಟರು. ಚೂರುಗಳು ಒಂದು ಪೆಟ್ಟಿಗೆ ಸೇರಿದವು.

ಉಳಿದ ಬದುಕು

1821ರಲ್ಲಿ ಸಾರಾ ಬರ್ನಾರ್ಡ್ ಜೊತೆ ಮದುವೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ಸುತ್ತುವುದನ್ನು ತೋರಿಸಿದರು. ಇಂದಿನ ಮೋಟಾರಿನ ಮೂಲ ಅದು. ಕೂಡಲೇ ವೊಲ್ಲಸ್ಟನ್ ಅವರ ವಿಚಾರ ಕದ್ದರು ಎಂಬ ಪುಕಾರು ಎದ್ದಿತು. ಉಕ್ಕಿನ ಪ್ರಯೋಗಕ್ಕೆ ರೋಡಿಯಂ ಕೊಟ್ಟಿದ್ದವರು ಅದೇ ವೊಲ್ಲಸ್ಟನ್. 1824ರಲ್ಲಿ ರಾಯಲ್ ಸೊಸೈಟಿಗೆ ಫ್ಯಾರಡೆ ಆಯ್ಕೆಯಾಗುವಾಗ ವಿರೋಧಿಸಿದವರು ಗುರು ಡೇವಿಯವರೇ. 1825ರಲ್ಲಿ ಬೆಂಜೀನ್, 1831ರ ಆಗಸ್ಟ್ 29ರಂದು ಸುರುಳಿಯಲ್ಲಿ ಹುಟ್ಟಿದ ವಿದ್ಯುತ್, ಆಮೇಲೆ ವಿದ್ಯುದ್ವಿಭಜನೆಯ ನಿಯಮಗಳು, 1845ರಲ್ಲಿ ಅಯಸ್ಕಾಂತ ಬೆಳಕನ್ನು ತಿರುಗಿಸುತ್ತದೆ ಎಂಬ ಶೋಧ. ಇವೆಲ್ಲ ಪುಸ್ತಕಗಳಲ್ಲಿ ಸಿಗುತ್ತವೆ, ಇಲ್ಲಿ ಬೆಳೆಸುವುದಿಲ್ಲ.

ನಮ್ಮ ಓದುಗರಿಗೆ ಇಷ್ಟವಾಗುವ ಒಂದು ಘಟನೆ ಮಾತ್ರ ಹೇಳಬೇಕು. 1853ರಲ್ಲಿ ಲಂಡನ್ನಿನಲ್ಲಿ ಮೇಜು ತಿರುಗಿಸುವ ಹುಚ್ಚು. ಜನ ಮೇಜಿನ ಸುತ್ತ ಕೂತು ಅಂಗೈ ಊರಿದರೆ ಆತ್ಮಗಳು ಬಂದು ಮೇಜನ್ನು ಓಡಿಸುತ್ತವೆ ಎಂದು ನಂಬಿದ್ದರು. ಫ್ಯಾರಡೆ ನಗಲೂ ಇಲ್ಲ, ಬೈಯಲೂ ಇಲ್ಲ. ರಟ್ಟಿನ ಹಾಳೆಗಳ ನಡುವೆ ಮೆತ್ತನೆಯ ಅಂಟು ಹಚ್ಚಿ, ಒಂದರ ಮೇಲೊಂದು ಜೋಡಿಸಿ, ಅದರ ಮೇಲೆ ಕೈ ಇಡಿಸಿದರು. ಮೇಜು ತಾನೇ ಚಲಿಸಿದ್ದರೆ ಕೆಳಗಿನ ಹಾಳೆ ಮೊದಲು ಜರುಗಬೇಕಿತ್ತು. ಜರುಗಿದ್ದು ಮೇಲಿನದು. ಕೂತವರು ತಮಗೇ ಗೊತ್ತಿಲ್ಲದೆ ತಳ್ಳುತ್ತಿದ್ದರು. ಆಮೇಲೆ ಕೈ ಜರುಗಿದರೆ ಕಣ್ಣಿಗೆ ಕಾಣುವಂತೆ ಒಂದು ಕಡ್ಡಿ ಜೋಡಿಸಿದರು. ಅದನ್ನು ನೋಡುತ್ತ ಕೂತರೆ ಮೇಜು ಅಲ್ಲಾಡಲೇ ಇಲ್ಲ.

ಫ್ಯಾರಡೆಯ ಹೆಸರಿನಲ್ಲೂ ಸುಳ್ಳು ಓಡಾಡುತ್ತದೆ. ವಿದ್ಯುತ್ತಿನಿಂದ ಏನು ಉಪಯೋಗ ಎಂದು ಗ್ಲಾಡ್‌ಸ್ಟನ್ ಕೇಳಿದಾಗ, ಮುಂದೊಂದು ದಿನ ಅದಕ್ಕೆ ತೆರಿಗೆ ಹಾಕಬಹುದು ಎಂದು ಫ್ಯಾರಡೆ ಉತ್ತರಿಸಿದರಂತೆ. ಕೇಳಲು ಚೆಂದ. ಆದರೆ ಅದು ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಅವರ ಕಾಲದ ಪತ್ರ, ದಿನಚರಿಗಳಲ್ಲಿ ಇದಕ್ಕೆ ಆಧಾರವಿಲ್ಲ.

ನಡುವಯಸ್ಸಿನಲ್ಲೇ ಅವರಿಗೆ ಮರೆವು ಕಾಡತೊಡಗಿತು. 1840ರ ಸುಮಾರಿಗೆ ಕೆಲಸವನ್ನೇ ನಿಲ್ಲಿಸಬೇಕಾಯಿತು. ಮತ್ತೆ ಶುರು ಮಾಡಿದರೂ ಮೊದಲಿನಂತೆ ಆಗಲಿಲ್ಲ. ಮಾಡಿದ ಪ್ರಯೋಗವನ್ನೇ ಮರೆತು ಮತ್ತೆ ಮಾಡುವ ಭಯ. ಅವರ ಆಸರೆ ದಿನಚರಿ; ಪ್ರತಿ ಪ್ಯಾರಾಕ್ಕೂ ಸಂಖ್ಯೆ, ಒಟ್ಟು 16,000ಕ್ಕೂ ಹೆಚ್ಚು. ಸರ್ ಪದವಿ ಬೇಡವೆಂದರು, ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನೂ ಒಪ್ಪಲಿಲ್ಲ. ರಾಣಿ ವಿಕ್ಟೋರಿಯಾ ಕೊಟ್ಟ ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ 1867ರ ಆಗಸ್ಟ್ 25ರಂದು ತೀರಿಕೊಂಡರು. ಮಕ್ಕಳಿರಲಿಲ್ಲ.

ಪೆಟ್ಟಿಗೆ ತೆರೆದಾಗ

ಉಕ್ಕಿನ ಚೂರುಗಳ ಪೆಟ್ಟಿಗೆ ನೂರು ವರ್ಷ ಹಾಗೆಯೇ ಇತ್ತು. ಅದನ್ನು ತೆರೆದು 79 ಚೂರುಗಳನ್ನು ಪರೀಕ್ಷಿಸಿ 1931ರಲ್ಲಿ ಪುಸ್ತಕ ಬರೆದವರು ಶೆಫೀಲ್ಡಿನ ರಾಬರ್ಟ್ ಹ್ಯಾಡ್‌ಫೀಲ್ಡ್. ಅದಕ್ಕೆ ಇವರಿಗಿಂತ ತಕ್ಕವರು ಇರಲಿಲ್ಲ. ಯಾಕೆಂದರೆ ಬೆರಕೆಯ ಇನ್ನೊಂದು ದೊಡ್ಡ ಪಾಠ ಕಲಿಸಿದವರು ಅವರೇ. ಉಕ್ಕಿಗೆ ಮ್ಯಾಂಗನೀಸ್ ಸ್ವಲ್ಪ ಹೆಚ್ಚಾದರೆ ಅದು ಗಾಜಿನಂತೆ ಒಡೆಯುತ್ತದೆ ಎಂದು ಎಲ್ಲರೂ ಅಲ್ಲಿಗೇ ಬಿಟ್ಟಿದ್ದರು. ಹ್ಯಾಡ್‌ಫೀಲ್ಡ್ ನಿಲ್ಲಿಸದೆ ಇನ್ನೂ ಹಾಕುತ್ತ ಹೋದರು. 1882ರಲ್ಲಿ, ಸುಮಾರು 12% ದಾಟಿದಾಗ, ಒಡೆಯದ ಉಕ್ಕು ಬಂತು. ಹೊಡೆದಷ್ಟೂ ಮೈ ಗಟ್ಟಿಯಾಗುತ್ತದೆ, ಅಯಸ್ಕಾಂತಕ್ಕೆ ಅಂಟುವುದಿಲ್ಲ. ನಮ್ಮ ಕಡೆ ಕಲ್ಲು ಕ್ರಷರ್‌ಗಳ ದವಡೆಗೆ ಹಾಕುವ ಜಾ ಪ್ಲೇಟು ಸಾಮಾನ್ಯವಾಗಿ ಇದೇ ಜಾತಿಯದು.

ಈ ಮ್ಯಾಂಗನೀಸ್ ದಾರಿಯಲ್ಲೇ ಮುಂದೆ ಹೋದರೆ ನೆನಪಿರುವ ಕಬ್ಬಿಣ ಸಿಗುತ್ತದೆ. 1982ರಲ್ಲಿ ಜಪಾನಿನ ಸಂಶೋಧಕರು ಕಬ್ಬಿಣಕ್ಕೆ ಸುಮಾರು 30% ಮ್ಯಾಂಗನೀಸ್, 1% ಸಿಲಿಕಾನ್ ಸೇರಿಸಿದ ಹರಳೊಂದು ಬಿಸಿಯಾದಾಗ ಹಳೆಯ ಆಕಾರಕ್ಕೆ ಮರಳುವುದನ್ನು ತೋರಿಸಿದರು.

ಒಳಗೆ ನಡೆಯುವುದು ಏನು? ಒಂದು ಇಸ್ಪೀಟು ಕಟ್ಟು ಯೋಚಿಸಿ. ಲೋಹದ ಪರಮಾಣುಗಳೂ ಹೀಗೆ ಪದರ ಪದರವಾಗಿರುತ್ತವೆ. ಸಾಮಾನ್ಯ ಕಂಬಿ ಬಗ್ಗಿಸಿದಾಗ ಪದರಗಳು ಅಡ್ಡಾದಿಡ್ಡಿ ಜಾರಿ, ವಾಪಸು ಬರುವ ದಾರಿ ಕಳೆದುಕೊಳ್ಳುತ್ತವೆ. ಈ ಬೆರಕೆಯಲ್ಲಿ ಒಂದು ಬಿಟ್ಟು ಒಂದು ಪದರ ಶಿಸ್ತಾಗಿ ಒಂದೇ ದಿಕ್ಕಿಗೆ ಚೂರು ಜರುಗಿ ಬೇರೆ ಜೋಡಣೆಗೆ ಹೋಗುತ್ತದೆ. ಬಿಸಿ ಮಾಡಿದರೆ ಬಂದ ದಾರಿಯಲ್ಲೇ ಹಿಂದೆ ಸರಿಯುತ್ತದೆ. ಅಷ್ಟೇ ಅದರ ನೆನಪು. ಅದೂ ಬಹುಮಟ್ಟಿಗೆ ಒಂದು ಸಲದ ನೆನಪು. ಮತ್ತೆ ಬೇಕಾದರೆ ಮತ್ತೆ ಬಗ್ಗಿಸಬೇಕು.

ಮ್ಯಾಂಗನೀಸ್ ಕೆಲಸ, ಮೊದಲ ಜೋಡಣೆಯನ್ನು ಮಾಮೂಲಿ ತಾಪದಲ್ಲೂ ಹಿಡಿದಿಡುವುದು. ಕಡಿಮೆಯಾದರೆ ಪದರಗಳು ಹಿಂದಿರುಗಲಾಗದ ಇನ್ನೊಂದು ಜೋಡಣೆಗೆ ಹೋಗಿಬಿಡುತ್ತವೆ, ನೆನಪು ಹೋಯಿತು. ತೀರಾ ಹೆಚ್ಚಾದರೆ ಅವು ಜರುಗುವುದೇ ಇಲ್ಲ. ಸಿಲಿಕಾನ್ ಲೋಹದ ಮೈಯನ್ನು ಬಿಗಿ ಮಾಡಿ, ಪದರಗಳು ಅಡ್ಡಾದಿಡ್ಡಿ ಜಾರದಂತೆ ತಡೆಯುತ್ತದೆ. 5-6% ಹೊತ್ತಿಗೆ ಫಲ ಚೆನ್ನಾಗಿರುತ್ತದೆ, ಅದಕ್ಕಿಂತ ಏರಿದರೆ ಲೋಹ ಪೆಡಸಾಗುತ್ತದೆ. ಇಷ್ಟು ಮ್ಯಾಂಗನೀಸ್ ಇದ್ದರೆ ತುಕ್ಕಿನ ಕಾಟ, ಅದಕ್ಕೆ ಕ್ರೋಮಿಯಂ. ಕ್ರೋಮಿಯಂ ಹೆಚ್ಚಾದರೆ ಬೇರೆ ಬಗೆಯ ಪೆಡಸು, ಅದಕ್ಕೆ ಮದ್ದಾಗಿ ನಿಕಲ್. ಕೊನೆಗೆ ಒಂದು ಚಿಟಿಕೆ ವನೇಡಿಯಂ ಅಥವಾ ನಯೋಬಿಯಂ, ಇಂಗಾಲದ ಜೊತೆ. ಅವು ಅತಿ ಸಣ್ಣ ಕಣಗಳಾಗಿ ಒಳಗೆಲ್ಲ ಚದುರಿ ಪದರಗಳು ಸರಿಯಾಗಿ ಹಿಂದಿರುಗಲು ನೆರವಾಗುತ್ತವೆ. ಹಳೆಯ ಉಕ್ಕಿನಲ್ಲಿ ಗೆರೆ ಮೂಡಿಸಿದ ಅದೇ ವನೇಡಿಯಂ ಮತ್ತು ಇಂಗಾಲ ಇಲ್ಲಿ ಬೇರೆ ಕೆಲಸಕ್ಕೆ ಬಂದಿವೆ.

ನಿಮ್ಮೂರಿನ ಕುಲುಮೆಯಲ್ಲಿ ಲಾರಿ ಪ್ಲೇಟಿನಿಂದ ಮಚ್ಚು ಹೊಡೆಸಿದ್ದರೆ ಅದರಲ್ಲೂ ಮ್ಯಾಂಗನೀಸ್, ಸಿಲಿಕಾನ್ ಇರುತ್ತವೆ. ಹಲವು ಪ್ಲೇಟುಗಳಲ್ಲಿ ಸಿಲಿಕಾನ್ 1.5ರಿಂದ 2%, ಮ್ಯಾಂಗನೀಸ್ ಸುಮಾರು 1%. ಪದಾರ್ಥ ಅವೇ, ಆದರೆ ಆ ಅಳತೆಗೆ ಸಿಗುವುದು ಸ್ಪ್ರಿಂಗ್ ಗುಣ, ನೆನಪಲ್ಲ. ಮಚ್ಚು ಬಗ್ಗಿದರೆ ಒಲೆಗೆ ಹಿಡಿಯಬೇಡಿ, ಇರುವ ಹದವೂ ಹೋಗುತ್ತದೆ.

ನಿಟಿನಾಲ್ ಸುಮಾರು 8% ಎಳೆತದಿಂದಲೂ ಮರಳಬಲ್ಲದು. ಕಬ್ಬಿಣದ ಬೆರಕೆ ಸಾಮಾನ್ಯವಾಗಿ 2ರಿಂದ 4% ಮಾತ್ರ. ಆದರೆ ಅಗ್ಗ, ಹೀಗಾಗಿ ಟನ್ನುಗಟ್ಟಲೆ ಬಳಸಬಹುದು. ಸ್ವಿಟ್ಜರ್ಲೆಂಡಿನ ಎಂಪಾ ಸಂಸ್ಥೆ ಇಂಥದ್ದೊಂದನ್ನು ರೂಪಿಸಿದೆ: 17% ಮ್ಯಾಂಗನೀಸ್, 5% ಸಿಲಿಕಾನ್, 10% ಕ್ರೋಮಿಯಂ, 4% ನಿಕಲ್, ವನೇಡಿಯಂ ಮತ್ತು ಇಂಗಾಲ ಸೇರಿ 1%, ಉಳಿದದ್ದು ಕಬ್ಬಿಣ. ಪಟ್ಟಿಯನ್ನು ಮೊದಲೇ ಎಳೆದು, ಹಳೆಯ ಕಾಂಕ್ರೀಟ್ ತೊಲೆಗೆ ಬಿಗಿದು, ವಿದ್ಯುತ್ ಹರಿಸಿ 160 ಡಿಗ್ರಿಯ ಆಚೀಚೆ ಕಾಯಿಸುತ್ತಾರೆ. ಪಟ್ಟಿ ಹಳೆಯ ಉದ್ದಕ್ಕೆ ಕುಗ್ಗಲು ನೋಡುತ್ತದೆ, ತೊಲೆ ಬಿಡುವುದಿಲ್ಲ. ಆ ಬಿಗಿತವೇ ಬಿರುಕು ಬಿಟ್ಟ ತೊಲೆಗೆ ಸೊಂಟಪಟ್ಟಿ. ಜಪಾನಿನಲ್ಲಿ ಇದೇ ಬಳಗದ ಲೋಹ ಎತ್ತರದ ಕಟ್ಟಡದಲ್ಲಿ ಭೂಕಂಪದ ಅಲುಗಾಟ ಹೀರುವ ಭಾಗವಾಗಿ ಸೇರಿದೆ.

ಇನ್ನು ಆ ಕನ್ನಡಿ ಲೋಹ. 1970ರ ದಶಕದಲ್ಲಿ ಕಬ್ಬಿಣ ಮತ್ತು ಪ್ಲಾಟಿನಂ ಬೆರಕೆಯಲ್ಲೂ ಆಕಾರದ ನೆನಪು ಪತ್ತೆಯಾಯಿತು, ಮೂರು ಕಬ್ಬಿಣದ ಪರಮಾಣುವಿಗೆ ಒಂದು ಪ್ಲಾಟಿನಂ ಎಂಬ ಅಳತೆಯ ಸುತ್ತಮುತ್ತ. ಪ್ಲಾಟಿನಂ ಪರಮಾಣು ಕಬ್ಬಿಣದ್ದಕ್ಕಿಂತ ಸುಮಾರು ಮೂರೂವರೆ ಪಟ್ಟು ಭಾರ. ಆದ್ದರಿಂದ ಎರಡನ್ನೂ ಸಮತೂಕ ತೆಗೆದುಕೊಂಡರೆ ನೂರು ಪರಮಾಣುಗಳಲ್ಲಿ ಸುಮಾರು 22 ಪ್ಲಾಟಿನಂ ಬರುತ್ತದೆ; ಬೇಕಾದದ್ದು 25ರ ಆಸುಪಾಸು. ಫ್ಯಾರಡೆ ಬಳಸಿದ್ದು ಇಂಗಾಲವಿದ್ದ ಉಕ್ಕು, ಪರಮಾಣುಗಳು ಸಾಲಾಗಿ ಕೂರುವಂತೆ ಅದನ್ನು ಹದವಾಗಿ ಕಾಯಿಸಿರಲೂ ಇಲ್ಲ. ಆದ್ದರಿಂದ ಆ ಚೂರಿಗೆ ನೆನಪಿತ್ತು ಎನ್ನಲಾಗದು. ಅವರು ಅದನ್ನು ಬಗ್ಗಿಸಿ ಬಿಸಿ ಮಾಡಿ ನೋಡುವ ಕಾರಣವೂ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಮಂಕಾಗದ ಕನ್ನಡಿ. ಅದು ಸಿಕ್ಕಿತ್ತು.